ಕಡಿಮೆ ಆದಾಯದ ಹಿರಿಯರಿಗೆ ಸೂರು: ಊರಲ್ಲಿರುವ ಅಪ್ಪ-ಅಮ್ಮನಿಗೂ, ನಾಳೆ ಹಿಂತಿರುಗುವ ನಮಗೂ

"ಅಪ್ಪ ಹೋದ ಮೇಲೆ ಅಮ್ಮ ಮನೇಲಿ ಒಬ್ಬರೇ. ಅಕ್ಕ ಗಂಡನ ಮನೇಲಿ, ತಮ್ಮ ಬೆಂಗಳೂರಲ್ಲಿ, ನಾನು ಇಲ್ಲಿ. ಏನು ಮಾಡೋದು?" ಗಲ್ಫ್‌ನಲ್ಲಿ ದುಡಿಯುವ ಕನ್ನಡಿಗರು ನಾಲ್ಕು ಜನ ಸೇರಿದರೆ ಈ ಪ್ರಶ್ನೆ ಬಾರದೆ ಇರುವುದಿಲ್ಲ. ಊರಿಗೆ ಹಣ ಕಳಿಸುವುದು ಹೇಗೆ ಅಂತ ಎಲ್ಲರಿಗೂ ಗೊತ್ತು. ವಯಸ್ಸಾದವರು ಎಲ್ಲಿ, ಯಾರ ಆಸರೆಯಲ್ಲಿ, ಯಾವ ಖರ್ಚಿನಲ್ಲಿ ಇರಬೇಕು ಅನ್ನುವುದು ಮಾತ್ರ ಅವರು ಬಿದ್ದು ಸೊಂಟ ಮುರಿದುಕೊಂಡ ದಿನವೇ ಚರ್ಚೆಗೆ ಬರುತ್ತದೆ. ಆಗ ಟಿಕೆಟ್ ಮಾಡಿಸುವುದೋ, ಆಸ್ಪತ್ರೆಗೆ ಹಣ ಹೊಂದಿಸುವುದೋ, ಆಶ್ರಮ ಹುಡುಕುವುದೋ ತಿಳಿಯದೆ ಸಿಕ್ಕಿದ್ದಕ್ಕೆ ಸಹಿ ಹಾಕಿ ಬರುತ್ತೇವೆ.

ಹಾಗಾಗಬಾರದು ಎಂದರೆ ಮೊದಲೇ ತಿಳಿದಿರಬೇಕಾದ ವಿಷಯಗಳು ಕೆಲವು ಇವೆ. ಕಾನೂನು ಏನು ಕೊಡುತ್ತದೆ, ಊರಲ್ಲಿ ಎಂತಹ ವಸತಿಗಳಿವೆ, ಎಲ್ಲಿ ಮೋಸ ಹೋಗಬಹುದು ಎಂಬುದನ್ನು ಇಲ್ಲಿ ಒಂದೆಡೆ ಕೊಟ್ಟಿದ್ದೇವೆ.

ಇಲ್ಲಿಗೇ ಕರೆಸಿಕೊಳ್ಳಬಹುದೇ?

ಬಹುತೇಕರಿಗೆ ಉತ್ತರ: ಕಷ್ಟ. ತಂದೆ-ತಾಯಿಯನ್ನು ರೆಸಿಡೆನ್ಸ್ ವೀಸಾದಲ್ಲಿ ಇಟ್ಟುಕೊಳ್ಳಲು ಒಳ್ಳೆಯ ಸಂಬಳ, ಸ್ವಂತ ಬಾಡಿಗೆ ಮನೆ, ಪ್ರತಿ ವರ್ಷ ಆರೋಗ್ಯ ವಿಮೆ ಎಲ್ಲ ಬೇಕು. ಕ್ಯಾಂಪಿನಲ್ಲಿ ಅಥವಾ ಬೆಡ್ ಸ್ಪೇಸ್‌ನಲ್ಲಿ ಇರುವವರಿಗೆ ಅದು ಎಟುಕುವ ಮಾತಲ್ಲ. ವಯಸ್ಸು ಏರಿದಂತೆ ವಿಮೆಯ ಕಂತೂ ಏರುತ್ತದೆ.

ನಮ್ಮದೇ ಮುಪ್ಪಿನ ವಿಷಯಕ್ಕೆ ಬಂದರೂ ಅಷ್ಟೇ. 55 ದಾಟಿದವರಿಗೆ ದುಬೈಯಲ್ಲಿ ನಿವೃತ್ತಿ ವೀಸಾ ಇದೆ ನಿಜ, ಆದರೆ ಅದಕ್ಕೆ 10 ಲಕ್ಷ ದಿರ್ಹಂ ಉಳಿತಾಯವೋ, ಅಷ್ಟು ಬೆಲೆಯ ಆಸ್ತಿಯೋ, ದೊಡ್ಡ ಮೊತ್ತದ ತಿಂಗಳ ಆದಾಯವೋ ಇರಬೇಕು. ಗಾರೆ ಕೆಲಸ, ಡ್ರೈವಿಂಗ್, ಅಡುಗೆ, ಅಂಗಡಿ ಕೆಲಸ ಮಾಡಿ ಹತ್ತಿಪ್ಪತ್ತು ವರ್ಷ ಕಳೆದವರು ಒಂದು ದಿನ ಊರಿಗೇ ಮರಳಬೇಕು. ಆದ್ದರಿಂದ ಈ ಪ್ರಶ್ನೆಗೆ ಉತ್ತರವನ್ನು ಊರಲ್ಲೇ ಹುಡುಕಬೇಕು.

ಕೈಗೆಟುಕುವ ಹಿರಿಯರ ವಸತಿ ಎಂದರೆ ಏನು?

ನಮ್ಮಲ್ಲಿ 'ವೃದ್ಧಾಶ್ರಮ' ಎಂದ ಕೂಡಲೇ ಮಕ್ಕಳು ಬಿಟ್ಟುಹೋದವರ ಜಾಗ ಎಂಬ ಚಿತ್ರ ಬರುತ್ತದೆ. ಬೇರೆ ಕಡೆ ಹಿರಿಯರ ವಸತಿಯನ್ನು ಸರ್ಕಾರವೇ ಹೊಣೆಯಾಗಿ ನೋಡುತ್ತದೆ. ಅಮೆರಿಕದಲ್ಲಿ 1959ರ ವಸತಿ ಕಾಯ್ದೆಯ 202ನೇ ಸೆಕ್ಷನ್ ಅಡಿ 62 ದಾಟಿದ ಬಡವರಿಗೆ ಪ್ರತ್ಯೇಕ ವಸತಿ ಸಮುಚ್ಚಯಗಳಿವೆ. ಅಲ್ಲಿ ಬಾಡಿಗೆ ಮಾರುಕಟ್ಟೆ ದರದ ಪ್ರಕಾರ ಅಲ್ಲ, ವಾಸಿಸುವವರ ಆದಾಯದ ಸುಮಾರು ಶೇ. 30. ಸಿಂಗಾಪುರದಲ್ಲಿ 55 ದಾಟಿದವರು ಸರ್ಕಾರಿ ಗೃಹ ಮಂಡಳಿಯ ಸಣ್ಣ ಫ್ಲ್ಯಾಟನ್ನು ಪೂರ್ತಿ 99 ವರ್ಷದ ಗುತ್ತಿಗೆಗೆ ಬದಲು 15ರಿಂದ 45 ವರ್ಷದ ಗುತ್ತಿಗೆಗೆ ಕಡಿಮೆ ಬೆಲೆಯಲ್ಲಿ ಕೊಳ್ಳಬಹುದು. ತಮಗೆ ಬೇಕಾದಷ್ಟು ವರ್ಷಕ್ಕೆ ಮಾತ್ರ ಹಣ ಕೊಟ್ಟರಾಯಿತು.

ಭಾರತದಲ್ಲೂ ಮಾದರಿ ಇಲ್ಲ ಎನ್ನುವಂತಿಲ್ಲ. 2004ರ ಸುನಾಮಿಯ ನಂತರ ಹೆಲ್ಪ್‌ಏಜ್ ಇಂಡಿಯಾ ಸಂಸ್ಥೆ ತಮಿಳುನಾಡಿನ ಕಡಲೂರು ಬಳಿ ತಾಮರೈಕುಳಂ ಎಂಬ ಹಿರಿಯರ ಹಳ್ಳಿಯನ್ನೇ ಕಟ್ಟಿತು. ದಿಕ್ಕಿಲ್ಲದ ಸುಮಾರು 100 ಹಿರಿಯರಿಗೆ ಅಲ್ಲಿ ಸಣ್ಣ ಸಣ್ಣ ಮನೆಗಳಿವೆ. ತೋಟದ ಕೆಲಸ ಕೈಲಾದವರು ಮಾಡುತ್ತಾರೆ. ಉದ್ದ ಹಾಲ್‌ನಲ್ಲಿ ಸಾಲು ಮಂಚ ಹಾಕುವುದಕ್ಕಿಂತ ಇದು ಬೇರೆ. ಅವರವರ ಬಾಗಿಲು ಅವರವರಿಗೆ, ಜತೆಗೆ ಕರೆದರೆ ಓಗೊಡುವ ನೆರೆಹೊರೆ.

ಒಂದು ವಸತಿ ಒಳ್ಳೆಯದೇ ಎಂದು ನೋಡಲು ಈ ಮೂರು ಅಂಶ ಸಾಕು: ಖರ್ಚು ಆದಾಯಕ್ಕೆ ಹೊಂದುತ್ತದೆಯೇ, ಕಟ್ಟಡ ಮುಪ್ಪಿಗೆ ಒಗ್ಗುತ್ತದೆಯೇ, ರಾತ್ರಿ ಕರೆದರೆ ಯಾರಾದರೂ ಬರುತ್ತಾರೆಯೇ?

ಕಾನೂನು ಏನು ಹೇಳುತ್ತದೆ?

2007ರ 'ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ' ನಾವೆಲ್ಲ ತಿಳಿದಿರಬೇಕಾದ ಕಾನೂನು. 60 ತುಂಬಿದ ಭಾರತೀಯರು ಇದರ ಪ್ರಕಾರ ಹಿರಿಯ ನಾಗರಿಕರು. ಮುಖ್ಯಾಂಶಗಳು ಹೀಗಿವೆ:

• 'ಪೋಷಣೆ' ಎಂದರೆ ಊಟ, ಬಟ್ಟೆ, ಚಿಕಿತ್ಸೆಯ ಜತೆ ವಸತಿಯೂ ಸೇರಿದೆ. ತಮ್ಮ ಆದಾಯ ಅಥವಾ ಆಸ್ತಿಯಿಂದ ಬದುಕಲಾಗದ ತಂದೆ-ತಾಯಿ ಮಕ್ಕಳಿಂದ ಅದನ್ನು ಕೇಳಬಹುದು. ಮಕ್ಕಳಿಲ್ಲದವರು, ತಮ್ಮ ಆಸ್ತಿ ಪಡೆಯಲಿರುವ ಸಂಬಂಧಿಕರಿಂದ ಕೇಳಬಹುದು.

• ಅರ್ಜಿ ಸಲ್ಲಿಸುವುದು ಉಪವಿಭಾಗಾಧಿಕಾರಿ, ಅಂದರೆ ಎಸಿ ಅಧ್ಯಕ್ಷತೆಯ ನ್ಯಾಯಮಂಡಳಿಗೆ. ನೋಟಿಸ್ ಕೊಟ್ಟ 90 ದಿನದಲ್ಲಿ ತೀರ್ಮಾನ ಆಗಬೇಕು, ವಿಶೇಷ ಕಾರಣ ಇದ್ದರೆ ಇನ್ನೂ 30 ದಿನ. ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಆದೇಶಿಸಬಹುದು.

• 19ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರ ಹಂತ ಹಂತವಾಗಿ, ಜಿಲ್ಲೆಗೆ ಕನಿಷ್ಠ ಒಂದರಂತೆ ವೃದ್ಧಾಶ್ರಮ ಸ್ಥಾಪಿಸಬಹುದು. ಪ್ರತಿಯೊಂದರಲ್ಲೂ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗ ಇರಬೇಕು. ಇಲ್ಲಿ 'ಸ್ಥಾಪಿಸಬಹುದು' ಎಂದಿದೆಯೇ ಹೊರತು 'ಸ್ಥಾಪಿಸಲೇಬೇಕು' ಎಂದಿಲ್ಲ. ಆ ಒಂದು ಪದವೇ ದೊಡ್ಡ ಕೊರತೆ.

• ಹಿರಿಯರನ್ನು ಎಲ್ಲಾದರೂ ತಂದು ಬಿಟ್ಟು ಹೋಗುವುದು ಅಪರಾಧ. 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

'ನಾನು ವಿದೇಶದಲ್ಲಿದ್ದೇನೆ, ನನಗೇನು' ಎನ್ನುವಂತಿಲ್ಲ. ಹೊರದೇಶದಲ್ಲಿರುವ ಭಾರತೀಯ ಪ್ರಜೆಗಳಿಗೂ ಕಾಯ್ದೆ ಅನ್ವಯಿಸುತ್ತದೆ. ಮಕ್ಕಳು ವಿದೇಶದಲ್ಲಿದ್ದರೆ ಸಮನ್ಸ್ ಹೇಗೆ ತಲುಪಿಸಬೇಕು ಎಂಬುದಕ್ಕೂ ಅದರಲ್ಲಿ ದಾರಿ ಇದೆ.

ಊರಲ್ಲಿ ಸಿಗುವ ಮೂರು ಬಗೆಯ ವಸತಿ

ಒಂದು, ಪೂರ್ತಿ ಉಚಿತವಾದವು. ಕೇಂದ್ರ ಸರ್ಕಾರದ 'ಅಟಲ್ ವಯೋ ಅಭ್ಯುದಯ ಯೋಜನೆ' ಅಡಿ ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಸಿಗುತ್ತದೆ. ಅವು ಕನಿಷ್ಠ 25 ನಿರ್ಗತಿಕ ಹಿರಿಯರಿಗೆ ಊಟ, ವಸತಿ, ಆರೈಕೆಯನ್ನು ಉಚಿತವಾಗಿ ಕೊಡಬೇಕು. ಮರೆವಿನ ಕಾಯಿಲೆ ಮತ್ತು ಸದಾ ಶುಶ್ರೂಷೆ ಬೇಕಾದ ಹಿರಿಯರ ಕೇಂದ್ರಗಳಿಗೂ ಅನುದಾನ ಇದೆ. ಕರ್ನಾಟಕದಲ್ಲಿ ಇವುಗಳ ಮಾಹಿತಿ ಸಿಗುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ. ಧಾರ್ಮಿಕ ಸೇವಾ ಸಂಸ್ಥೆಗಳು ನಡೆಸುವವೂ ಇವೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಸನ್ಯಾಸಿನಿಯರ ವೃದ್ಧರ ಮನೆ ನೂರು ವರ್ಷಕ್ಕೂ ಹಿಂದಿನಿಂದ ಬಡ ಹಿರಿಯರನ್ನು ನೋಡಿಕೊಳ್ಳುತ್ತಿದೆ.

ಒಂದು ಮಾತು ನೆನಪಿರಲಿ. ಇಂತಹ ಉಚಿತ ಜಾಗ ನಿಜವಾಗಿ ಯಾರೂ ಇಲ್ಲದವರಿಗೆ. 'ಮಗ ಗಲ್ಫ್‌ನಲ್ಲಿದ್ದಾನೆ' ಎಂದ ಕೂಡಲೇ ಮಗನ ಸಂಬಳ 1,200 ದಿರ್ಹಂ ಮಾತ್ರ ಎಂದು ಯಾರೂ ಕೇಳುವುದಿಲ್ಲ. ಊರವರ ಕಣ್ಣಿಗೆ ನಾವು ಶ್ರೀಮಂತರು. ಆದ್ದರಿಂದ ಉಚಿತ ಆಶ್ರಮವನ್ನು ನಂಬಿ ಯೋಜನೆ ಮಾಡಬೇಡಿ.

ಎರಡು, ತಿಂಗಳ ಶುಲ್ಕದ ಆಶ್ರಮಗಳು. ಟ್ರಸ್ಟ್‌ಗಳು, ಮಠಗಳು, ಚರ್ಚ್‌ಗಳು, ಖಾಸಗಿಯವರು ನಡೆಸುವಂಥವು. ಕೆಲವೆಡೆ ಠೇವಣಿಯನ್ನೂ ಕೇಳುತ್ತಾರೆ. ಗಲ್ಫ್ ಕುಟುಂಬಗಳು ಹೆಚ್ಚಾಗಿ ಬರುವುದು ಇಲ್ಲಿಗೇ.

ಮೂರು, ಬಿಲ್ಡರ್‌ಗಳು ಕಟ್ಟಿ ಮಾರುವ 'ರಿಟೈರ್‌ಮೆಂಟ್ ಹೋಮ್'. ಇವು ಕಡಿಮೆ ಆದಾಯದವರಿಗೆ ಅಲ್ಲ. ಆದರೂ ಜಾಹೀರಾತು ನೋಡಿ ಜೀವಮಾನದ ಉಳಿತಾಯ ಹಾಕುವವರಿದ್ದಾರೆ, ಅದಕ್ಕೇ ಹೇಳುವುದು. ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಇರುವ ದೊಡ್ಡ ಯೋಜನೆಯಾದರೆ ಕರ್ನಾಟಕ ರೇರಾದಲ್ಲಿ ನೋಂದಣಿ ಆಗಿದೆಯೇ ನೋಡಿ. 2019ರಲ್ಲಿ ಕೇಂದ್ರ ವಸತಿ ಸಚಿವಾಲಯ ನಿವೃತ್ತರ ಮನೆಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಕಟ್ಟುವವರು, ಸೇವೆ ಕೊಡುವವರು, ಮನೆ ಕೊಳ್ಳುವವರು ಮೂವರೂ ಸಹಿ ಮಾಡುವ ಒಪ್ಪಂದ ಇರಬೇಕು ಎಂಬುದು ಅದರಲ್ಲಿ ಮುಖ್ಯವಾದದ್ದು. ಬಿಲ್ಡರ್ ಮನೆ ಮಾರಿ ಹೋದ ಮೇಲೆ ಊಟ, ನರ್ಸ್, ಆಂಬುಲೆನ್ಸ್‌ಗೆ ಹೊಣೆ ಯಾರು ಎಂಬುದು ಆ ಕಾಗದದಲ್ಲಿ ಬರೆದಿರಬೇಕು.

ಸೇರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಫೋನಿನಲ್ಲಿ ಮಾತಾಡಿ ಹಣ ಕಳಿಸಬೇಡಿ. ಅಣ್ಣನೋ, ತಂಗಿಯೋ, ನಂಬುವ ಸ್ನೇಹಿತನೋ ಒಂದು ಸಲ ಊಟದ ಹೊತ್ತಿಗೆ, ಒಂದು ಸಲ ಸಂಜೆ ಹೋಗಿ ನೋಡಿ ಬರಲಿ. ಮುಖ್ಯವಾಗಿ ಸೇರುವವರೇ ನೋಡಲಿ, ಅವರ ಒಪ್ಪಿಗೆ ಇಲ್ಲದೆ ಯಾವ ಜಾಗವೂ ಒಳ್ಳೆಯದಲ್ಲ. ಕೇಳಬೇಕಾದದ್ದು:

• ತಿಂಗಳ ಶುಲ್ಕದಲ್ಲಿ ಏನೇನು ಸೇರಿದೆ? ಔಷಧಿ, ಡಯಾಪರ್, ಆಸ್ಪತ್ರೆಗೆ ಹೋಗುವ ವಾಹನ, ಜತೆಗೆ ಕೂರುವವರ ಖರ್ಚು ಬೇರೆಯೇ?
• ಠೇವಣಿ ವಾಪಸ್ ಬರುತ್ತದೆಯೇ? ಎಷ್ಟು ದಿನದಲ್ಲಿ, ಯಾರ ಹೆಸರಿಗೆ? ರಸೀದಿ ಕೊಡುತ್ತಾರೆಯೇ?
• ಹಾಸಿಗೆ ಹಿಡಿದರೆ ಅಥವಾ ಮರೆವಿನ ಕಾಯಿಲೆ ಬಂದರೆ ಇಟ್ಟುಕೊಳ್ಳುತ್ತಾರೆಯೇ, ಮನೆಗೆ ಕಳಿಸುತ್ತಾರೆಯೇ?
• ರಾತ್ರಿ ಎಷ್ಟು ಜನ ಸಿಬ್ಬಂದಿ ಇರುತ್ತಾರೆ? ಹತ್ತಿರದ ಆಸ್ಪತ್ರೆ ಎಷ್ಟು ದೂರ?
• ಸ್ಥಳೀಯವಾಗಿ ಜವಾಬ್ದಾರಿ ಹೊರುವವರು ಬೇಕೇ? ಆಸ್ಪತ್ರೆಯಲ್ಲಿ ಸಹಿ ಹಾಕುವವರು ಯಾರು?
• ನಮಾಜ್, ಪೂಜೆ, ಪ್ರಾರ್ಥನೆ, ಊಟದ ಪಥ್ಯ ಅವರವರ ರೂಢಿಯಂತೆ ನಡೆಯುತ್ತದೆಯೇ?
• ದಿನವೂ ವಿಡಿಯೋ ಕಾಲ್‌ಗೆ ಅವಕಾಶ ಇದೆಯೇ, ಯಾರೂ ಪಕ್ಕದಲ್ಲಿ ನಿಂತಿರದೆ?

ಗಲ್ಫ್‌ನವರು ಇನ್ನೊಂದು ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕು: ನಾಳೆ ಕಂಪನಿ ಕೆಲಸದಿಂದ ತೆಗೆದರೆ, ಸಂಬಳ ಮೂರು ತಿಂಗಳು ತಡವಾದರೆ ಶುಲ್ಕ ಕಟ್ಟುವವರು ಯಾರು? ಕನಿಷ್ಠ ಆರು ತಿಂಗಳ ಶುಲ್ಕ ಬೇರೆ ಖಾತೆಯಲ್ಲಿ ಇಟ್ಟ ಮೇಲೆಯೇ ಸೇರಿಸಿ. ಎನ್‌ಆರ್‌ಇ ಖಾತೆಗೆ ಊರಿನ ಹತ್ತಿರದ ಸಂಬಂಧಿಕರನ್ನು 'ಫಾರ್ಮರ್ ಆರ್ ಸರ್ವೈವರ್' ನಿಯಮದಲ್ಲಿ ಜಂಟಿಯಾಗಿ ಸೇರಿಸಬಹುದು. ನಮಗೇ ಏನಾದರೂ ಆದರೆ ಹಣ ಸಿಕ್ಕಿಬೀಳುವುದಿಲ್ಲ.

ಇರುವ ಮನೆಯೇ ಮೊದಲ ಆಸರೆ

ಕಡಿಮೆ ಖರ್ಚಿನ ಹಿರಿಯರ ವಸತಿ ಬಹಳ ಸಲ ಈಗಿರುವ ಮನೆಯೇ. ಆದರೆ ಅದು ಮುಪ್ಪಿಗೆ ಒಗ್ಗುವಂತೆ ಇರಬೇಕು. ಗಲ್ಫ್ ಹಣದಲ್ಲಿ ಕಟ್ಟಿದ ಮನೆಗಳಲ್ಲಿ ಒಂದು ತಪ್ಪು ಸಾಮಾನ್ಯ: ಮೇಲೆ ಮಹಡಿ, ನುಣುಪು ಟೈಲ್ಸ್, ಎತ್ತರದ ಮೆಟ್ಟಿಲು. ಹತ್ತು ವರ್ಷದ ನಂತರ ಅಮ್ಮ ಅದರಲ್ಲಿ ಹೇಗೆ ನಡೆಯುತ್ತಾರೆ ಎಂದು ಯಾರೂ ಯೋಚಿಸಿರುವುದಿಲ್ಲ.

ಹೊಸ ಮನೆ ಕಟ್ಟುವವರು ನೆಲ ಅಂತಸ್ತಿನಲ್ಲೇ ಒಂದು ಮಲಗುವ ಕೋಣೆ, ಅದಕ್ಕೆ ತಾಗಿ ಬಚ್ಚಲು ಇಡಿ. ಬಾಗಿಲು 90 ಸೆಂಟಿಮೀಟರ್ ಅಗಲ ಇದ್ದರೆ ಗಾಲಿಕುರ್ಚಿ ಹೋಗುತ್ತದೆ. ಮೆಟ್ಟಿಲ ಪಕ್ಕ ಇಳಿಜಾರು ಮಾಡುವುದಾದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು, ಕಡಿದಾದರೆ ಅದೇ ಅಪಾಯ. ಹಳೆ ಮನೆಯಾದರೆ ಕಮೋಡ್, ಗೋಡೆಗೆ ಗಟ್ಟಿ ಹಿಡಿಕೆ, ಜಾರದ ನೆಲ, ಹಾಸಿಗೆಯಿಂದ ಬಚ್ಚಲಿಗೆ ರಾತ್ರಿ ದೀಪ. ಕರಾವಳಿಯ ಮಳೆಗಾಲದಲ್ಲಿ ಅಂಗಳದ ಪಾಚಿ ತೆಗೆಸುವುದೂ ಇದರಲ್ಲೇ ಬರುತ್ತದೆ. ಒಂದು ಸಲ ಸೊಂಟ ಮುರಿದರೆ ಆಗುವ ಆಸ್ಪತ್ರೆ ಖರ್ಚಿನ ಮುಂದೆ ಇದು ಏನೂ ಅಲ್ಲ.

ಜತೆಗೆ ಸರ್ಕಾರದಿಂದ ಸಿಗುವುದನ್ನು ಬಿಡಬೇಡಿ. 65 ದಾಟಿದ ಅರ್ಹ ಬಡ ಹಿರಿಯರಿಗೆ ಕರ್ನಾಟಕದ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಅರ್ಜಿ ನಾಡಕಚೇರಿಯಲ್ಲಿ. ಹಿರಿಯ ನಾಗರಿಕರ ಗುರುತಿನ ಚೀಟಿಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಕೆಲವು ಕಡೆ ಇಲಾಖೆಯ ನೆರವಿನ ಹಗಲು ಯೋಗಕ್ಷೇಮ ಕೇಂದ್ರಗಳಿವೆ. ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ಮನೆ ಬಿಡಲು ಮನಸ್ಸಿಲ್ಲದ, ಒಂಟಿತನವೂ ಬೇಡ ಎನ್ನುವವರಿಗೆ ಇದು ಒಳ್ಳೆಯ ನಡುದಾರಿ.

ಮನೆ ಯಾರ ಹೆಸರಿನಲ್ಲಿ?

ಹೆಚ್ಚಿನ ಸಂಕಟ ಶುರುವಾಗುವುದು ಇಲ್ಲಿ. 'ನೋಡಿಕೊಳ್ಳುತ್ತೇನೆ' ಎಂಬ ಮಾತಿಗೆ ಅಪ್ಪ ಮನೆಯನ್ನು ಒಬ್ಬ ಮಗನಿಗೋ, ಮೊಮ್ಮಗನಿಗೋ ದಾನಪತ್ರ ಮಾಡಿಬಿಡುತ್ತಾರೆ. ಆಮೇಲೆ ತಮ್ಮದೇ ಮನೆಯಲ್ಲಿ ಹಿಂದಿನ ಕೋಣೆಗೆ ಸರಿಯುತ್ತಾರೆ.

ಕಾಯ್ದೆಯ 23ನೇ ಸೆಕ್ಷನ್ ಇದಕ್ಕೇ ಇರುವುದು. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ನ್ಯಾಯಮಂಡಳಿ ಆ ವರ್ಗಾವಣೆಯನ್ನು ರದ್ದು ಮಾಡಬಹುದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ತಾಯಿಯೊಬ್ಬರ ದಾನಪತ್ರ ರದ್ದಾದದ್ದನ್ನು ಎತ್ತಿಹಿಡಿಯಿತು. ಆದರೆ 2022ರ ಸುದೇಶ್ ಛಿಕ್ಕಾರಾ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಅಂತಹ ಷರತ್ತು ಇತ್ತು ಎಂಬುದು ಸಾಬೀತಾಗಬೇಕು ಎಂದಿದೆ. ಅರ್ಥ ಇಷ್ಟೇ: ಕೊಡಲೇಬೇಕಾದರೆ 'ಜೀವ ಇರುವವರೆಗೆ ಇದೇ ಮನೆಯಲ್ಲಿ ವಾಸ, ಊಟ, ಚಿಕಿತ್ಸೆ' ಎಂಬುದನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿ. ಅದಕ್ಕಿಂತ ಒಳ್ಳೆಯದು ವೀಲುನಾಮೆ. ಅದು ಜಾರಿಗೆ ಬರುವುದು ಬರೆದವರ ನಂತರ, ಬದುಕಿರುವಾಗ ಎಷ್ಟು ಸಲವಾದರೂ ಬದಲಿಸಬಹುದು.

ಮನೆಯಲ್ಲಿ ಅತ್ತೆ-ಮಾವ, ಸೊಸೆ ಇದ್ದು ಗಂಡ ಗಲ್ಫ್‌ನಲ್ಲಿರುವ ಕುಟುಂಬಗಳು ಇನ್ನೊಂದನ್ನೂ ತಿಳಿದಿರಿ. 2020ರಲ್ಲಿ ಬೆಂಗಳೂರಿನ ಎಸ್. ವನಿತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಿರಿಯರ ಕಾಯ್ದೆಯನ್ನು ಮುಂದಿಟ್ಟು ಸೊಸೆಯ ವಾಸದ ಹಕ್ಕನ್ನು ಸುಮ್ಮನೆ ಕಸಿಯುವಂತಿಲ್ಲ, ಎರಡೂ ಹಕ್ಕನ್ನು ತೂಗಿ ನೋಡಬೇಕು ಎಂದಿತು. ಅಪ್ಪ-ಅಮ್ಮನ ಸೂರಿನ ಲೆಕ್ಕದಲ್ಲಿ ಹೆಂಡತಿಯ ಸೂರೂ ಇರಬೇಕು.

ಇಲ್ಲಿಂದ ಪವರ್ ಆಫ್ ಅಟಾರ್ನಿ ಕಳಿಸುವವರು ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಊರಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ. ಬಾಡಿಗೆ ವಸೂಲಿ, ತೆರಿಗೆ ಕಟ್ಟುವುದು ಎಂದು ಕೆಲಸ ಹೆಸರಿಸಿ ಕೊಡಿ. ಮಾರುವ ಅಧಿಕಾರವನ್ನು ಸುಮ್ಮನೆ ಸೇರಿಸಬೇಡಿ.

ನಮ್ಮ ಸರದಿ ಬಂದಾಗ

ಈಗ ಅಪ್ಪ-ಅಮ್ಮ, ಆಮೇಲೆ ನಾವು. ಒಂದು ಲೆಕ್ಕ ಹಾಕೋಣ. ಯುಎಇಯಲ್ಲಿ ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ನಂತರ ವರ್ಷಕ್ಕೆ 30 ದಿನದ ಬೇಸಿಕ್. ಕೊನೆಯ ಬೇಸಿಕ್ 1,000 ದಿರ್ಹಂ ಇದ್ದು 20 ವರ್ಷ ದುಡಿದವರಿಗೆ 105 ಮತ್ತು 450 ಸೇರಿ 555 ದಿನದ ಸಂಬಳ, ಅಂದರೆ 18,500 ದಿರ್ಹಂ. ರೂಪಾಯಿಯಲ್ಲಿ ಸುಮಾರು 4 ಲಕ್ಷ. ಊರಲ್ಲಿ ಅದನ್ನು ಠೇವಣಿ ಇಟ್ಟು ಶೇ. 8 ಬಡ್ಡಿ ಸಿಕ್ಕಿತು ಎಂದುಕೊಂಡರೂ ತಿಂಗಳಿಗೆ ಸುಮಾರು 2,700 ರೂಪಾಯಿ. ಇಪ್ಪತ್ತು ವರ್ಷದ ಬೆವರಿಗೆ ಅಷ್ಟೇ. ಶುಲ್ಕದ ಆಶ್ರಮದಲ್ಲಿ ಒಂದು ಹಾಸಿಗೆಗೂ ಅದು ಸಾಲುವುದು ಕಷ್ಟ.

ಹಾಗಾಗಿ ಗ್ರಾಚ್ಯುಟಿಯೊಂದನ್ನೇ ನಂಬಿ ಕೂರುವಂತಿಲ್ಲ. ರಾಷ್ಟ್ರೀಯ ಪಿಂಚಣಿ ಯೋಜನೆ ಎನ್‌ಪಿಎಸ್‌ಗೆ ಅನಿವಾಸಿಗಳೂ ಸೇರಬಹುದು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಅನಿವಾಸಿಗಳಿಗೆ ಇಲ್ಲ, ಆದರೆ 60 ದಾಟಿದ ಅಪ್ಪ-ಅಮ್ಮನ ಹೆಸರಿನಲ್ಲಿ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ಊರಿಗೆ ಮರಳಿದ ಮೇಲೆ ವಯಸ್ಸಾಗಿದ್ದರೆ ನಮಗೂ ಆಗುತ್ತದೆ. ಕೇರಳದಲ್ಲಿ ಪ್ರವಾಸಿ ಕಲ್ಯಾಣ ಮಂಡಳಿ ಇದೆ. ಕನಿಷ್ಠ ಐದು ವರ್ಷ ವಂತಿಗೆ ಕಟ್ಟಿದವರಿಗೆ 60ರ ನಂತರ ಪಿಂಚಣಿ ಕೊಡುತ್ತದೆ. ಒಂದೇ ರೂಮಿನಲ್ಲಿ ಮಲಗುವ ಮಲಯಾಳಿ ಗೆಳೆಯನಿಗೆ ಇರುವ ಆ ಧೈರ್ಯ ಕನ್ನಡಿಗನಿಗೂ ಬೇಕು. ಇಲ್ಲಿನ ಸಂಘಗಳು ಊರಿನಿಂದ ಮಂತ್ರಿಗಳು ಬಂದಾಗ ಶಾಲು ಹಾಕುವುದರ ಜತೆಗೆ ಈ ಬೇಡಿಕೆಯನ್ನೂ ಕೈಗಿಡಲಿ.

ಈ ಸಲದ ರಜೆಯಲ್ಲಿ ಮಾಡಬೇಕಾದ ಕೆಲಸ

1. ಅಪ್ಪ-ಅಮ್ಮನ ಹತ್ತಿರ ಕೂತು ಕೇಳಿ: ಒಬ್ಬರೇ ಆದರೆ ಎಲ್ಲಿರಲು ಇಷ್ಟ? ಉತ್ತರವನ್ನು ಅಣ್ಣ-ತಮ್ಮ, ಅಕ್ಕ-ತಂಗಿಯರ ಎದುರೇ ಕೇಳಿಸಿಕೊಳ್ಳಿ.
2. ಪಹಣಿ, ಖಾತೆ, ತೆರಿಗೆ ರಸೀದಿ ಯಾರ ಹೆಸರಲ್ಲಿವೆ ನೋಡಿ, ಪ್ರತಿ ತೆಗೆದಿಟ್ಟುಕೊಳ್ಳಿ.
3. ಬಚ್ಚಲಿಗೆ ಹಿಡಿಕೆ ಹಾಕಿಸಿ. ಒಂದು ದಿನದ ಕೆಲಸ.
4. ಪಿಂಚಣಿ ಮತ್ತು ಗುರುತಿನ ಚೀಟಿಯ ಅರ್ಜಿ ಹಾಕಿಸಿ.
5. ಹತ್ತಿರದ ಎರಡು ಆಶ್ರಮ, ಒಂದು ಹಗಲು ಕೇಂದ್ರ ನೋಡಿ ಬನ್ನಿ, ಅಗತ್ಯ ಇಲ್ಲದಾಗಲೇ.
6. ಅಮ್ಮನ ಫೋನಿನಲ್ಲೂ, ಪಕ್ಕದ ಮನೆಯವರ ಫೋನಿನಲ್ಲೂ ಹಿರಿಯರ ಉಚಿತ ಸಹಾಯವಾಣಿ 14567 ಉಳಿಸಿ. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಪಿಂಚಣಿ, ಕಾನೂನು, ಆಶ್ರಮದ ಮಾಹಿತಿ ಸಿಗುತ್ತದೆ, ಬಿಟ್ಟುಹೋದ ಹಿರಿಯರ ಬಗ್ಗೆ ತಿಳಿಸಿದರೆ ನೆರವಿಗೆ ಬರುತ್ತಾರೆ. ಬೆಂಗಳೂರಿನಲ್ಲಿ ನಗರ ಪೊಲೀಸ್ ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ ನಡೆಸುವ 1090 ಕೂಡ ಇದೆ.

ವೃದ್ಧಾಶ್ರಮಕ್ಕೆ ಸೇರಿಸಿದ ಮಗ ಕೆಟ್ಟವನೂ ಅಲ್ಲ, ಮನೆಯಲ್ಲೇ ಬಿಟ್ಟ ಮಗ ಒಳ್ಳೆಯವನೂ ಅಲ್ಲ. ನೋಡಿ, ಕೇಳಿ, ಅವರ ಒಪ್ಪಿಗೆ ಪಡೆದು, ಕಾಗದ ಸರಿ ಮಾಡಿಟ್ಟರೆ ಯಾವ ದಾರಿಯೂ ಆದೀತು. ಮುಂದಿನ ರಜೆಗೆ ಊರಿಗೆ ಹೋಗುವಾಗ ಈ ಪಟ್ಟಿ ಜೇಬಿನಲ್ಲಿರಲಿ.